ದಾರ ವಾಲುವ ಊರು

ನಮ್ಮ ಊರಿನಲ್ಲಿ ಗೌಂಡಿಯ ಕೆಲಸ ಗೋಡೆ ಕಟ್ಟುವುದಲ್ಲ, ಯಾವ ಗೋಡೆಯನ್ನು ಬಿಟ್ಟು ಹೋಗಬೇಕು ಎಂದು ಹೇಳುವುದು. ಬೇರೆ ಊರುಗಳಲ್ಲಿ ದಾರಕ್ಕೆ ಕಟ್ಟಿದ ತೂಗುಗುಂಡನ್ನು ಇಳಿಬಿಟ್ಟರೆ ಅದು ನೆಟ್ಟಗೆ ನೆಲದ ಕಡೆ ನಿಲ್ಲುತ್ತದಂತೆ. ಹಾಗೆಂದು ಕೇಳಿದ್ದೇನೆ, ಕಂಡಿಲ್ಲ. ನಮ್ಮಲ್ಲಿ ಅದು ಊರಿನ ನಡುವಿನ ಕಡೆ ವಾಲುತ್ತದೆ. ನಡುವಿನಲ್ಲಿ ಹಿಂದೆ ಒಂದು ಕಲ್ಲಿನ ಕಣಜವಿತ್ತು. ನನ್ನಜ್ಜನ ಕಾಲದಲ್ಲಿ ಒಂದು ಮಧ್ಯಾಹ್ನ ಅದು ತನ್ನೊಳಗೆ ತಾನೇ ಕುಸಿಯಿತು. ಧೂಳು ಏಳಲಿಲ್ಲ, ಸದ್ದು ಹೊರಗೆ ಬರಲಿಲ್ಲ, ಆಮೇಲೆ ಹುಡುಕಿದರೆ ಒಂದು ಕಲ್ಲೂ ಸಿಗಲಿಲ್ಲ. ಅಷ್ಟೆಲ್ಲ ಕಲ್ಲು ಅಷ್ಟು ಸಣ್ಣ ಜಾಗದಲ್ಲಿ ಹೇಗೆ ಹಿಡಿಸಿತು ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ಒಂದು ವರ್ಷ ಚರ್ಚೆ ಮಾಡಿದರಂತೆ. ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳೂ ಒಳಗೆ ಹೋದವು, ಕಟ್ಟೆಯೂ ಹೋಯಿತು, ಚರ್ಚೆ ಮಾಡುವವರೂ ಕಡಿಮೆಯಾದರು.

ಅಂದಿನಿಂದ ಊರು ಒಳಗೆ ಜಾರುತ್ತಲೇ ಇದೆ, ನಾವು ಹೊರಗೆ ಸರಿಯುತ್ತಲೇ ಇದ್ದೇವೆ. ಗೌಂಡಿ ತಿಂಗಳಿಗೊಮ್ಮೆ ಒಳಕೇರಿಗಳನ್ನು ಸುತ್ತುತ್ತಾನೆ. ಮನೆಯ ಬಾಗಿಲ ಮೇಲ್ಪಟ್ಟಿಗೆ ಮೊಳೆ ಹೊಡೆದು ಗುಂಡು ಇಳಿಬಿಡುತ್ತಾನೆ. ದಾರ ಚೌಕಟ್ಟಿನಿಂದ ನಾಲ್ಕು ಬೆರಳು ವಾಲಿದರೆ ಬಾಗಿಲಿಗೆ ಸುಣ್ಣದ ಬೊಟ್ಟು. ಬೊಟ್ಟು ಬಿದ್ದ ಮನೆಯವರು ಮೂರು ದಿನದೊಳಗೆ ಚೌಕಟ್ಟನ್ನು ಕಿತ್ತು ಹೆಗಲ ಮೇಲೆ ಹೊತ್ತು ಹೊರಕೇರಿಗೆ ಹೋಗಿ ನೆಡಬೇಕು. ಗೋಡೆ ಯಾವುದಾದರೂ ಆದೀತು, ಬಾಗಿಲು ಮಾತ್ರ ಹಳೆಯದೇ ಇರಬೇಕು ಎಂಬುದು ನಮ್ಮವರ ಹಟ. ದಾರ ಒಂದು ಗೇಣು ವಾಲುವ ಜಾಗಕ್ಕೆ ಗೆರೆ ಎಂದು ಹೆಸರು. ಹೆಸರಿಗಷ್ಟೇ ಗೆರೆ. ಕಣ್ಣಿಗೆ ಏನೂ ಕಾಣುವುದಿಲ್ಲ, ದಾಟಿದವರ ಕಾಲಿಗೆ ಏನೂ ತಾಗುವುದಿಲ್ಲ. ಆದರೆ ದಾಟಿದವರು ಬಂದದ್ದಿಲ್ಲ.

ಈ ಕೆಲಸವನ್ನು ನನಗೆ ಕಲಿಸಿದವರು ಹುಸೇನಸಾಬರು. ಒಮ್ಮೆ ನಾನು ಅವರನ್ನು ಕೇಳಿದೆ, ಗೆರೆ ದಾಟಿದವರು ಹಿಂದಕ್ಕೆ ತಿರುಗಿ ಓಡಿ ಬರಬಹುದಲ್ಲ, ಜೋರಾಗಿ ಓಡುವವರಾದರೂ? ಅವರು ಎಲೆ ಅಡಿಕೆ ಉಗಿದು ನಕ್ಕರು. "ತಮ್ಮಾ, ಈಚಿ ಕಡಿ ಇರೂತನಕ ನಡು ಅನ್ನೂದು ಒಂದು ದಿಕ್ಕು. ಆಚಿ ಹೋದ ಮ್ಯಾಲ ಅದು ದಿಕ್ಕಲ್ಲ, ಅದು ನಾಳೆ. ನಾಳೆಗೆ ಬೆನ್ನು ತಿರುವಿ ನೀ ಎಷ್ಟು ಓಡಿದರೂ ನಾಳೆ ಬರೂದು ಬಿಡ್ತದೇನು?" ಆವತ್ತು ನನಗೆ ಅದು ಮುದುಕರ ಜಾಣ ಮಾತು ಎನಿಸಿತ್ತು.

ಹುಸೇನಸಾಬರು ಹೇಳಿಕೊಟ್ಟ ಕಟ್ಟಳೆ ಎರಡೇ. ಒಳಕೇರಿಯಲ್ಲಿ ಗೌಂಡಿ ಕೂರಬಾರದು, ಉಣ್ಣಬಾರದು. ಗುಂಡನ್ನು ಹೋಗುವಾಗ ಅಲ್ಲ, ಹೊರಗೆ ಬರುವಾಗ ಇಳಿಬಿಡಬೇಕು. ಯಾಕೆಂದರೆ ಒಳಗೆ ಹೋದಷ್ಟೂ ಹೊತ್ತು ನಿಧಾನ. ಕೊನೆಯ ಕೇರಿಯಲ್ಲಿ ಒಂದು ತಾಸು ಕಳೆದರೆ ಹೊರಗೆ ಒಂದು ದಿನ ಕಳೆದಿರುತ್ತದೆ. ಅಲ್ಲಿ ಕೂತವನಿಗೆ ಸೂರ್ಯ ತಾಸಿಗೊಮ್ಮೆ ಹುಟ್ಟಿ ತಾಸಿಗೊಮ್ಮೆ ಮುಳುಗುತ್ತಾನೆ. ಒಳಕೇರಿಯವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಹಸಿವಾದಾಗ ಮಧ್ಯಾಹ್ನ, ನಿದ್ದೆ ಬಂದಾಗ ರಾತ್ರಿ. ಆದರೆ ಗೌಂಡಿ ಮರೆಯುವ ಹಾಗಿಲ್ಲ. ಅವನು ಅಳೆದ ಅಳತೆ ಅಲ್ಲಿಯೇ ಕೂತರೆ ಹಳಸುತ್ತದೆ.

ಕೊನೆಯ ಕೇರಿಯ ಕೊನೆಯ ಮನೆ ನನ್ನ ಅಕ್ಕ ಕಾಶವ್ವನದು. ಅವ್ವ ಸತ್ತ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನನಗಿಂತ ಆರು ವರ್ಷ ದೊಡ್ಡವಳು. ದೊಡ್ಡವಳಾಗಿದ್ದಳು ಎನ್ನಬೇಕು. ಈಗ ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ, ಮೊಣಕಾಲು ಕಟಕಟ ಎನ್ನುತ್ತದೆ. ಅವಳ ಜಡೆಯಲ್ಲಿ ಒಂದು ನರೆ ಇಲ್ಲ. ಐದು ಸಲ ಅವಳ ಬಾಗಿಲಿಗೆ ಬೊಟ್ಟು ಬಿದ್ದಿತ್ತು. ಐದು ಸಲವೂ ಅವಳು ಚೌಕಟ್ಟು ಹೊತ್ತದ್ದು ಎಷ್ಟು ಬೇಕೋ ಅಷ್ಟೇ, ಒಂದು ಕೇರಿ ಆಚೆಗೆ. ಊರಂಚಿಗೆ ಬಾ ಎಂದರೆ, "ಅಲ್ಲಿ ಬಂದು ನಿನ್ನಂಗ ಮುದುಕಿ ಆಗ್ಲೇನು? ಹೋಗೋ ಮುದಿಯಾ," ಎಂದು ನಗುತ್ತಿದ್ದಳು.

ಅವಳ ಗಂಡ ಫಕೀರಪ್ಪ ಊರಂಚಿನಲ್ಲಿ ಕೆಲಸ ಮಾಡುತ್ತಿದ್ದ. ಹೊತ್ತು ತಂದವರ ಚೌಕಟ್ಟುಗಳನ್ನು ನೆಟ್ಟುಕೊಡುವ ಬಡಗಿ. ಎಂಟು ದಿನ ಕೆಲಸ ಮಾಡಿ ಮನೆಗೆ ಹೋಗುತ್ತಿದ್ದ. ಕಾಶವ್ವನಿಗೆ ಅವನು ಬೆಳಿಗ್ಗೆ ಹೋಗಿ ಸಂಜೆ ಬರುವ ಗಂಡ. ಅವನಿಗೆ ಮಾತ್ರ ಏಳು ರಾತ್ರಿ ಗುಡಿಸಲಿನಲ್ಲಿ ಒಬ್ಬನೇ ಮಲಗಿ, ಎಂಟನೆಯ ದಿನ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯ ದಾರಿ ಹಿಡಿಯುವ ಬಾಳು. ಇವನು ಹೊಸಿಲ ಮೇಲೆ ನಿಂತು ಕಣ್ತುಂಬ ನೋಡಿದರೆ ಅವಳು, "ಮುಂಜಾನೆ ಹೋಗಿ ಈಗ ಬಂದೀರಿ, ಏನ್ ಹಂಗ ನೋಡ್ತೀರಿ, ಹೊಸಾ ಮಂದಿ ನೋಡಿದಂಗ?" ಎಂದು ಗದರುತ್ತಿದ್ದಳಂತೆ. ಅದನ್ನು ಅವನು ನನಗೆ ಹೇಳುವಾಗ ಮುಖ ಅರಳುತ್ತಿತ್ತು. ಮದುವೆಯಲ್ಲಿ ಅವಳಿಗಿಂತ ಮೂರೇ ವರ್ಷ ದೊಡ್ಡವನಿದ್ದ. ಈಗ ಗುರುತಿಲ್ಲದವರು ಅವನನ್ನು ಅವಳ ಅಪ್ಪ ಎಂದುಕೊಳ್ಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ, ಅವನಿಗೆ ಅವಳೊಬ್ಬಳೇ ಎಲ್ಲ.

ಆವತ್ತು ನಾನು ಅಳತೆಗೆಂದು ಒಳಗೆ ಹೋದಾಗ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಕೇರಿಯಲ್ಲಿ ಉಳಿದದ್ದು ಅವಳ ಮನೆ ಒಂದೇ. ಬಾಗಿಲಿಗೆ ಬರುವಾಗಲೇ ಎಣ್ಣೆಗಾಯಿಯ ವಾಸನೆ. ನಾನು ಒಳಗೆ ಕಾಲಿಡುವ ಮೊದಲೇ ಮೊಳೆಗೆ ದಾರ ಸಿಕ್ಕಿಸಿ ಗುಂಡು ಬಿಟ್ಟೆ. ಬೆರಳಿಟ್ಟು ನೋಡಿದೆ, ಮೂರು. ಮೂರಕ್ಕೆ ಒಂದು ಕೂದಲೆಳೆ ಹೆಚ್ಚಿಲ್ಲ.

"ಎಷ್ಟೈತಿ?" ಎಂದು ಒಲೆಯ ಮುಂದಿನಿಂದಲೇ ಕೇಳಿದಳು.

"ಮೂರು."

"ನೋಡ್ದಿ? ನಾ ಹೇಳಿದ್ನಿಲ್ಲೋ! ಈ ಸಲ ಹೊರಂಗಿಲ್ಲ ನಾನು. ಬಾ, ಕೂಡು, ಒಂದು ರೊಟ್ಟಿ ತಿಂದು ಹೋಗು."

"ಕೂಡಬಾರ್ದು ಅಕ್ಕಾ. ಕಟ್ಟಳಿ."

"ಹೌದೋ ಮಾರಾಯಾ, ದೊಡ್ಡ ಕಟ್ಟಳಿ. ನಿನಗ ಮೂಗು ಒರಸಿದಾಕಿ ನಾನು. ಎಷ್ಟು ಸೊರಗಿ ನೋಡು. ನಿನ್ನ ಹೇಣ್ತಿ ಅನ್ನ ಹಾಕ್ತಾಳೋ ಇಲ್ಲೋ? ಬದನಿಕಾಯಿ ನಿನಗಂತನ ಮಾಡೀನಿ."

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನಗಾಗಿಯೇ ಹುಟ್ಟಿರಬೇಕು. ಕೂತೆ. ಗುಂಡು ಬಾಗಿಲಲ್ಲಿ ತೂಗುತ್ತಲೇ ಇತ್ತು, ತೆಗೆದಿರಲಿಲ್ಲ. ಒಂದು ರೊಟ್ಟಿ ಅಂದದ್ದು ನಾಲ್ಕಾಯಿತು. ಆಮೇಲೆ ಮಜ್ಜಿಗೆ. ಆಮೇಲೆ ಅವ್ವನ ಮಾತು ಬಂತು. ಅವ್ವನ ಕೈ ರೊಟ್ಟಿ ಎಷ್ಟು ತೆಳ್ಳಗಿರುತ್ತಿತ್ತು, ಅವ್ವ ಸಿಟ್ಟಾದಾಗ ಹೇಗೆ ಉಟ್ಟ ಸೀರೆಯ ಸೆರಗನ್ನೇ ಝಾಡಿಸುತ್ತಿದ್ದಳು, ಇಂಥವು. ಅವ್ವನನ್ನು ನೆನೆಸಿಕೊಳ್ಳುವವರು ಲೋಕದಲ್ಲಿ ನಾವಿಬ್ಬರೇ. ಬಾಗಿಲಲ್ಲಿ ಕತ್ತಲಾಯಿತು, ಬೆಳಕಾಯಿತು. ಮತ್ತೆ ಕತ್ತಲಾಯಿತು. ಮೂರು ಸಲ ಹಾಗಾದದ್ದನ್ನು ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಿದರೆ ಅದು ಸುಳ್ಳಾದೀತು. ಇನ್ನೊಂದು ಮಾತು, ಇನ್ನೊಂದು ಮಾತು ಎಂದು ಕೂತೆ, ಅಷ್ಟೇ.

ಕೊನೆಗೆ ಎದ್ದು ಹೊಸಿಲಿಗೆ ಬಂದೆ. ದಾರ ಅಲ್ಲೇ ಇತ್ತು. ಕೈ ಚಾಚಿ ಬೆರಳಿಟ್ಟಿದ್ದರೆ ಮುಗಿದಿತ್ತು. ಅವಳು ಬೆನ್ನ ಹಿಂದೆ ನಿಂತಿದ್ದಳು, ಈ ಸಲ ಚೌಕಟ್ಟು ಹೊರುವ ಹಾಗಿಲ್ಲ ಎಂಬ ಖುಷಿಯಲ್ಲಿ. ಮೂರು ದಿನ ಹಳಸಿದ ಅಳತೆ ಎಂದು ನನ್ನೊಳಗೆ ಯಾರೋ ಪಿಸುಗುಟ್ಟಿದರು. ನಾನು ಗುಂಡನ್ನು ಅಂಗೈಯಲ್ಲಿ ಹಿಡಿದು, ಕಣ್ಣನ್ನು ಬೀದಿಯ ಕಡೆ ಇಟ್ಟುಕೊಂಡು, ದಾರ ಸುತ್ತಿಕೊಂಡುಬಿಟ್ಟೆ.

"ಮುಂದಿನ ಸುತ್ತಿನ ತನಕ ಚಿಂತಿ ಇಲ್ಲ ಅಕ್ಕಾ," ಎಂದೆ.

"ಹೋಗಿ ಬಾ. ಮಾಮಾಗ ಹೇಳು, ಅವಸರಾ ಮಾಡಿ ಬರೂದು ಬ್ಯಾಡ, ಕೆಲಸಾ ಮುಗಿಸ್ಕೊಂಡ ಬರ್ಲಿ ಅಂತ."

ಊರಂಚಿಗೆ ಬಂದಾಗ ಫಕೀರಪ್ಪ ಕಾಯುತ್ತಿದ್ದ. ಅಂದು ಅವನ ಎಂಟನೆಯ ದಿನ, ಗಂಟು ಕಟ್ಟಿ ಇಟ್ಟಿದ್ದ. ಹೊಸದಾಗಿ ಬಂದ ಹತ್ತು ಮನೆಯವರು ಅವನ ಬೆನ್ನು ಬಿದ್ದಿದ್ದರು, ಬಾಗಿಲಿಲ್ಲದೆ ಹೆಂಗಸರು ಮಕ್ಕಳು ಬಯಲಲ್ಲಿ ಕೂತಿದ್ದರು. "ಏನಂತ ದಾರ?" ಎಂದ. "ಮೂರು ಮಾಮಾ, ಆರಾಮ್ ಐತಿ," ಎಂದೆ. ಅವನು ಗಂಟನ್ನೊಮ್ಮೆ ನೋಡಿದ, ಆ ಮಕ್ಕಳನ್ನೊಮ್ಮೆ ನೋಡಿದ, ಗಂಟನ್ನು ಮತ್ತೆ ಗೂಟಕ್ಕೆ ತೂಗುಹಾಕಿದ. "ಹಂಗಾರ ಇನ್ನೊಂದು ಎಂಟು ದಿನಾ ಮಾಡಿ ಹೋಗ್ತೀನಿ. ಆಕಿಗೇನು, ಸ್ವಲ್ಪ ತಡಾ ಆತು ಅಂತಾಳ."

ನಡು ಒಮ್ಮೊಮ್ಮೆ ವರ್ಷಗಟ್ಟಲೆ ಸುಮ್ಮನಿರುತ್ತದೆ, ಒಮ್ಮೊಮ್ಮೆ ಮೂರು ದಿನದಲ್ಲಿ ಒಂದು ಕೇರಿ ನುಂಗುತ್ತದೆ. ಆರನೆಯ ದಿನ ನಾನು ಪಕ್ಕದ ಕೇರಿಯ ಅಳತೆಗೆಂದು ಹೋದವನು, ಕಾಶವ್ವನ ಕೇರಿಯ ಬಾಯಲ್ಲಿ ಸುಮ್ಮನೆ ಒಮ್ಮೆ ಗುಂಡು ಬಿಟ್ಟೆ. ದಾರ ಗೇಣಿಗೆ ಒಂದೇ ಬೆರಳು ಕಡಿಮೆ ಹೋಗಿ ನಿಂತಿತು, ಅಂದರೆ ಗೆರೆ ಅಲ್ಲಿಂದ ಹತ್ತಾರು ಹೆಜ್ಜೆಯಲ್ಲಿ, ಅಕ್ಕನ ಮನೆಯ ಈಚೆಗೇ ಇತ್ತು. ನಾನು ಅಂಗೈ ಬಿಚ್ಚಿ ಮತ್ತೆ ಮತ್ತೆ ಗೇಣು ಹಾಕಿದೆ. ನನ್ನ ಕೈಯೇ ಚಿಕ್ಕದಾಗಿರಬೇಕು ಎಂದುಕೊಂಡೆ.

ತಲೆ ಎತ್ತಿದರೆ ಅಕ್ಕ ಕಂಡಳು. ಹೊಸಿಲ ಮೇಲೆ ನಿಂತು ಜೋಳ ಕೇರುತ್ತಿದ್ದಳು. ಮೊರ ಎದೆಮಟ್ಟಕ್ಕೆ ಎದ್ದಿತ್ತು, ಕಾಳು ಅದರ ಮೇಲೆ ಒಂದು ಮೊಳ ಎತ್ತರದಲ್ಲಿತ್ತು. ಕಾಳು ಕೆಳಗೆ ಬೀಳಲಿಲ್ಲ. ನಾನು ಉಸಿರು ಹಿಡಿದು ಕಾದೆ, ಬೀಳಲಿಲ್ಲ. ಹೊಟ್ಟು ಗಾಳಿಯಲ್ಲಿ ಹಾಗೆಯೇ ನಿಂತಿತ್ತು. ಹೊರಗೆ ಚುರುಗುಟ್ಟುವ ನಡುಹಗಲು, ಅವಳ ಮೇಲೆ ಮಾತ್ರ ಇಳಿಹೊತ್ತಿನ ಕೆಂಪು ಬೆಳಕು. "ಅಕ್ಕಾ!" ಎಂದು ಕೂಗಿದೆ. ಕೂಗು ಒಳಗೆ ಹೋಗುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಅವಳಿಗೆ ಕೇಳಿಸಿಯೂ ಇರಬಹುದು. ಅವಳು ಓ ಎಂದಿರಬಹುದು, ಮೊರ ಕೆಳಗಿಟ್ಟು ಬೀದಿಗೆ ಬಂದು ನನ್ನನ್ನು ಹುಡುಕಿರಬಹುದು. ಅವಳ ಪಾಲಿಗೆ ಏನೂ ಆಗಿಲ್ಲ, ಜೋಳ ಬಿದ್ದಿದೆ, ಹೊಟ್ಟು ಹಾರಿದೆ, ಸಂಜೆಗೆ ಗಂಡ ಬರಬೇಕು. ನಮ್ಮ ಪಾಲಿಗೆ ಉಳಿದದ್ದು ಗೆರೆ ದಾಟುವ ಮುಂಚಿನ ಆ ಒಂದು ಕ್ಷಣ. ದಿನದಿಂದ ದಿನಕ್ಕೆ ಅದೂ ಕಂದುತ್ತದೆ.

ನಾನು ಅಲ್ಲಿಯೇ ನೆಲದ ಮೇಲೆ ಕೂತು ಎದೆ ಎದೆ ಬಡಿದುಕೊಂಡು ಅತ್ತೆ. ಅತ್ತು ಏನು ಬಂತು? ಬೆರಳಿಡಬೇಕಾದಾಗ ಇಡಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಈಗ ಹತ್ತು ಸಲ ಗೇಣು ಹಾಕುತ್ತಿದ್ದೆ.

ಫಕೀರಪ್ಪನನ್ನು ನಾನೇ ಕರೆದುಕೊಂಡು ಬಂದೆ. ಕೇರಿಯ ಬಾಯಲ್ಲಿ ನಿಂತು ಅವಳನ್ನು ನೋಡಿದ. ಗೆರೆ ದಾಟಿದವರ ಮೇಲೆ ಉಳಿಯುವ ಆ ಕೆಂಪನ್ನು ನಮ್ಮ ಊರಿನಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಜ್ವಾಳಾ ಕೇರಾಕತ್ತಾಳ," ಎಂದ. ಅವಳನ್ನು ನೋಡಿ ಹದಿನಾಲ್ಕು ದಿನವಾಗಿತ್ತು ಅವನಿಗೆ.

"ಮೂರ ಇತ್ತಲ್ಲೋ ದುರಗಪ್ಪಾ?"

"ಮೂರ ಇತ್ತು ಮಾಮಾ."

ಇತ್ತು. ಅದು ಸುಳ್ಳಲ್ಲ. ಯಾವಾಗ ಮೂರಿತ್ತು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಕೂತದ್ದು, ಉಂಡದ್ದು, ಬಾಗಿಲಲ್ಲಿ ಮೂರು ಸಲ ಕತ್ತಲಾದದ್ದು, ಯಾವುದೂ ನನ್ನ ಬಾಯಿಂದ ಬರಲಿಲ್ಲ. ಅವನು ನನ್ನ ಭುಜದ ಮೇಲೆ ಕೈಯಿಟ್ಟ. "ಅಳಬ್ಯಾಡ. ನೀ ಏನ್ ಮಾಡ್ತಿ? ದಾರ ಹೇಳಿದ್ದು ನೀ ಹೇಳಿದಿ. ತಪ್ಪು ನಂದು. ಎಂಟು ದಿನಕ್ಕ ಹೋಗಬೇಕಾದಾಂವ ಹೋಗಲಿಲ್ಲ." ಆ ಕೈ ನನ್ನ ಭುಜವನ್ನು ಸುಟ್ಟಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವನು ಅಲ್ಲಿಂದ ಕದಲಲಿಲ್ಲ. ಒಂದು ದಿನ, ಎರಡು ದಿನ. ನಾನು ಅವನ ಪಕ್ಕದಲ್ಲಿ ಕೂತಿದ್ದೆ. ಅವಳ ಕೆಂಪು ಇನ್ನಷ್ಟು ಗಾಢವಾಯಿತು, ಸೀರೆಯ ಅಂಚು ಗೊತ್ತಾಗದ ಹಾಗಾಯಿತು. ಮೂರನೆಯ ದಿನ ಬೆಳಿಗ್ಗೆ ಅವನು ಎದ್ದು ಧೋತರ ಝಾಡಿಸಿದ.

"ದುರಗಪ್ಪಾ, ನೀ ಗೌಂಡಿ, ನಿನಗ ಗೊತ್ತಿರತೈತಿ. ತಿರಿಗಿ ಬರೂ ಮಾತು ಬ್ಯಾಡ, ಅದು ನನಗೂ ಗೊತ್ತೈತಿ. ಒಳಗ ಹೋದ್ರ ಆಕಿ ಸಿಗ್ತಾಳೇನು? ಅಷ್ಟ ಹೇಳು."

ನನಗೆ ಗೊತ್ತಿತ್ತು. ಹುಸೇನಸಾಬರು ಒಮ್ಮೆ ಎರಡು ಗುಂಡುಗಳನ್ನು ಒಂದೇ ದಾರದ ಎರಡು ತುದಿಗೆ ಕಟ್ಟಿ ಗೆರೆಯ ಕಡೆಗೆ ಒಂದರ ಹಿಂದೆ ಒಂದು ಉರುಳಿಸಿ ತೋರಿಸಿದ್ದರು. ಆಮೇಲೆ ನಾನೇ ನನ್ನ ಕೈಯಿಂದ ಮೂರು ಸಲ ಮಾಡಿ ನೋಡಿದ್ದೆ. ಎರಡು ಗುಂಡುಗಳ ಮಧ್ಯದ ದಾರ ಬಿಗಿಯುತ್ತದೆ, ತಂತಿಯಂತೆ ಮೊರೆಯುತ್ತದೆ, ಗೆರೆ ಮುಟ್ಟುವ ಮೊದಲೇ ಹರಿಯುತ್ತದೆ. ಮುಂದಿನದನ್ನು ನಡು ಹೆಚ್ಚು ಎಳೆಯುತ್ತದೆ, ಹಿಂದಿನದನ್ನು ಕಡಿಮೆ. ಒಳಗೆ ಹೋದಷ್ಟೂ ಅವುಗಳ ನಡುವಿನ ಅಂತರ ಬೆಳೆಯುತ್ತದೆಯೇ ಹೊರತು ಕೂಡುವುದಿಲ್ಲ. ಮುಂದೆ ಹೋದವರನ್ನು ಹಿಂದೆ ಹೋದವರು ಮುಟ್ಟುವುದಿಲ್ಲ. ಇವನು ಅವಳ ಹಿಂದೆ ಎಷ್ಟೇ ಓಡಿದರೂ ಅವಳು ಇವನ ಎದುರಿನಿಂದ ದೂರ ಹೋಗುತ್ತಲೇ ಇರುತ್ತಾಳೆ, ಕೊನೆಗೆ ನಡು ಇಬ್ಬರನ್ನೂ ಬೇರೆ ಬೇರೆಯಾಗಿಯೇ ತೆಗೆದುಕೊಳ್ಳುತ್ತದೆ.

ಇದನ್ನು ಹೇಳಿದ್ದರೆ ಅವನು ಉಳಿಯುತ್ತಿದ್ದ. ಉಳಿದು ಏನು ಮಾಡುತ್ತಿದ್ದ? ನನ್ನ ಮನೆಯ ಪಡಸಾಲೆಯಲ್ಲಿ ಕೂರುತ್ತಿದ್ದ. ನನ್ನ ಹೆಂಡತಿ ಬಡಿಸಿದ್ದನ್ನು ಉಣ್ಣುತ್ತಿದ್ದ. ಪ್ರತಿದಿನ ನನ್ನ ಮುಖ ನೋಡುತ್ತಿದ್ದ, ನಿನ್ನ ತಪ್ಪಲ್ಲ ಬಿಡು ಎನ್ನುತ್ತಿದ್ದ. ಎಂದಾದರೊಂದು ದಿನ, ಆವತ್ತು ನೀನು ಒಳಗೆ ಹೋಗಿ ನಾಲ್ಕನೆಯ ದಿನಕ್ಕೆ ಯಾಕೆ ಬಂದೆ ಎಂದು ಲೆಕ್ಕ ಹಾಕಿ ಕೇಳುತ್ತಿದ್ದ. ಒಳಗೆ ಹೋದರೆ ಅವಳು ಅವನಿಗೆ ಸಿಗುವುದಿಲ್ಲ. ಸಿಗದಿದ್ದರೆ, ತಮ್ಮ ಬಂದಿದ್ದ, ಕೂತು ನಾಲ್ಕು ರೊಟ್ಟಿ ತಿಂದ ಎಂದು ಅವಳು ಅವನಿಗೆ ಹೇಳುವುದೂ ಇಲ್ಲ. ಇಷ್ಟೂ ನನ್ನ ತಲೆಯಲ್ಲಿ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಹಾದುಹೋಯಿತು. ಅವನ ಮೇಲಿನ ಕರುಣೆಯಿಂದ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕರುಣೆಯಲ್ಲ, ಅಂಜಿಕೆ.

"ಸಿಗ್ತಾಳ ಮಾಮಾ," ಎಂದೆ. "ನಾಲ್ಕು ಹೆಜ್ಜಿ ಅಷ್ಟ ಐತಿ."

ಅವನ ಮುಖ ನಾನು ಎಂದೂ ಕಾಣದ ಹಾಗೆ ಹಗುರಾಯಿತು. "ತಡಾ ಆತು ಅಂತ ಬೈತಾಳ," ಎಂದ. ಕೈಯಿಂದ ತಲೆಗೂದಲು ಸವರಿಕೊಂಡ, ಎಪ್ಪತ್ತರ ಮುದುಕ. ಆಮೇಲೆ ಹೊರಟ. ಮೊದಲ ಹತ್ತು ಹೆಜ್ಜೆ ಬಿರಬಿರನೆ ಹಾಕಿದ. ಹನ್ನೊಂದನೆಯದಕ್ಕೆ ಮಧ್ಯಾಹ್ನವಾಯಿತು. ಹನ್ನೆರಡನೆಯ ಹೆಜ್ಜೆ ಎತ್ತಿದ್ದು ಇಳಿಯುವಷ್ಟರಲ್ಲಿ ವಾರ ಕಳೆಯಿತು. ನಾನು ಮನೆಗೆ ಹೋಗಿ ಉಂಡು, ಮಲಗಿ, ಮತ್ತೆ ಬಂದು ನೋಡುತ್ತಿದ್ದೆ. ನಿಲ್ಲಿ ಮಾಮಾ, ನಾನು ಹೇಳಿದ್ದು ಸುಳ್ಳು ಎಂದು ಕೂಗಲು ಒಂದು ವಾರವಿತ್ತು ನನಗೆ. ಕೂಗಿದ್ದರೆ ಕೇಳಿಸುತ್ತಿತ್ತು. ಆದರೆ ಕೂಗಲಿಲ್ಲ.

ಗೆರೆಯ ಅಂಚಿನಲ್ಲಿ ಅವನು ತಿರುಗಿದ. ಯಾಕೆ ತಿರುಗಿದನೋ, ಅಲ್ಲಿಗೆ ಮುಟ್ಟಿದವನಿಗೆ ಅವಳು ಹತ್ತಿರವಾಗುವ ಬದಲು ದೂರವಾಗುವುದು ಕಂಡಿತೋ, ಅಥವಾ ಸುಮ್ಮನೆ ಹೋಗಿ ಬರುತ್ತೇನೆ ಎನ್ನುವುದಕ್ಕೋ. ತಿರುಗಲು ಹದಿನೈದು ದಿನ ಹಿಡಿಯಿತು. ಆಮೇಲೆ ಬಾಯಿ ತೆರೆಯಿತು, ನನ್ನ ಹೆಸರಿನ ಮೊದಲ ಅಕ್ಷರ ಬಂತು. ದು ಎಂದು ಒಂದು ತೆಳುವಾದ, ತಗ್ಗಾದ ದನಿ. ಅದು ಒಂದು ತಿಂಗಳು ಕೇರಿಯಲ್ಲಿ ಇತ್ತು, ಹೋಗಿಬರುವ ಹೆಂಗಸರು ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ನಂತರ ಅದೂ ಕಿವಿಗೆ ಸಿಗದಷ್ಟು ತಗ್ಗಿಹೋಯಿತು. ಉಳಿದ ಮಾತು ಬಂದಿಲ್ಲ, ಬರುವುದೂ ಇಲ್ಲ.

ಈಗ ಇಬ್ಬರೂ ಅಲ್ಲಿ ನಿಂತಿದ್ದಾರೆ. ಅವಳ ಆಕಾರ ಗೊತ್ತಿದ್ದವರಿಗಷ್ಟೇ ಗೊತ್ತಾಗುತ್ತದೆ. ಅವನ ಮುಖ ಇನ್ನೂ ಸ್ವಲ್ಪ ಸ್ಪಷ್ಟವಿದೆ, ಕೆಂಡದ ಮೇಲೆ ಬೂದಿ ಕೂತಷ್ಟು. ತುಟಿ ಒಂದಿಷ್ಟು ಬಿರಿದಿದೆ, ಕಣ್ಣಿನ ಸುತ್ತ ನೆರಿಗೆ ಏಳತೊಡಗಿದೆ. ಹೊಸದಾಗಿ ಮದುವೆಯಾದವರನ್ನು ಊರಿನವರು ಅಲ್ಲಿಗೆ ಕರೆತಂದು ತೋರಿಸುತ್ತಾರೆ. ನೋಡ್ರಿ, ಹೇಣ್ತಿ ಸಿಗ್ತಾಳ ಅನ್ನೂ ಖುಷಿಗೆ ಹೆಂಗ ನಗಾಕತ್ತಾನ ಎನ್ನುತ್ತಾರೆ. ನಗುವಿಗಾಗಲಿ ಅಳುವಿಗಾಗಲಿ ಮುಖ ಶುರುವಾಗುವುದು ಒಂದೇ ಥರ. ತಿಂಗಳಿಗೊಮ್ಮೆ ನಾನು ಆ ಮುಖದ ಎದುರಿಗೆ ನಿಂತು ಗುಂಡು ಬಿಟ್ಟು ಬೆರಳೆಣಿಸುತ್ತೇನೆ. ಪಕ್ಕದಲ್ಲಿ ನಿಂತವರು ನಗಾಕತ್ತಾನ ಅಲ್ಲೇನ್ರಿ ಎಂದು ಕೇಳಿದರೆ, ಹೌದು ಎನ್ನುತ್ತೇನೆ.